ಮೂವತ್ತೈದನೆಯ ಹೆಸರು

ಗೋಡೆಯೆತ್ತರದ ಆರ್ಗನ್ ವಾದ್ಯದ ಹಿಂಬದಿಗೂ ಚರ್ಚಿನ ಉತ್ತರದ ಗೋಡೆಗೂ ನಡುವೆ ಎರಡೂವರೆ ಅಡಿ ಜಾಗವಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನಾಲ್ಕು ವಾರ ಆ ಸಂದಿಯಲ್ಲಿ ನಿಂತು, ಗೋಡೆಯಲ್ಲಿ ಕೂಡಿಸಿದ್ದ ಕಲ್ಲಿನ ಮೇಲೆ ಹೆಸರು ಕೆತ್ತುವ ಕೆಲಸ ನನ್ನ ಪಾಲಿಗೆ ಬಂತು. ಬೆನ್ನು ಆರ್ಗನ್‌ನ ಹಲಗೆಗೆ ತಾಗುತ್ತಿತ್ತು. ಮೂಗಿನ ಮುಂದೆ ಒಂದಡಿ ದೂರದಲ್ಲಿ ಕಲ್ಲು. ಅಕ್ಷರ ಕೆತ್ತುವವನು ಆಗಾಗ ಹಿಂದೆ ಸರಿದು ಸಾಲನ್ನು ನೋಡಬೇಕು, ಇಲ್ಲದಿದ್ದರೆ ಅಕ್ಷರಗಳ ನಡುವಿನ ಜಾಗ ಕೈ ತಪ್ಪುತ್ತದೆ. ಅಲ್ಲಿ ಹಿಂದೆ ಸರಿಯಲು ಹಿಂದೆ ಎನ್ನುವುದೇ ಇರಲಿಲ್ಲ.

ಆ ಕಲ್ಲನ್ನು ನೂರಾರು ವರ್ಷದ ಹಿಂದೆ ಯಾವುದೋ ಸಿರಿವಂತರ ಮನೆತನ ತಮ್ಮ ಹೆಸರಿಗೆಂದು ಕೂಡಿಸಿ, ಏನೂ ಕೆತ್ತಿಸದೆ ಬಿಟ್ಟಿತ್ತು. ಆಮೇಲೆ ಅದರ ಮುಂದೆಯೇ ಆರ್ಗನ್ ಬಂದು ನಿಂತಿತು. ಹಳೆಯ ಚರ್ಚಾದ್ದರಿಂದ ಹೊಸ ಕಲ್ಲು ಹಾಕಲು ಅನುಮತಿ ಸಿಗುವುದಿಲ್ಲ, ಇದ್ದ ಖಾಲಿ ಕಲ್ಲನ್ನು ಬಳಸಬಹುದು ಎಂದಾಯಿತು. ಹೀಗಾಗಿ ಕಲ್ಲು ನನ್ನ ಹತ್ತಿರ ಬರಲಿಲ್ಲ, ನಾನೇ ಕಲ್ಲಿನ ಹತ್ತಿರ ಹೋಗಬೇಕಾಯಿತು.

ಕೆತ್ತಬೇಕಾಗಿದ್ದದ್ದು ಸೈನಿಕರ ಹೆಸರು. ಅಮೆರಿಕ ಇನ್ನೂ ಸ್ವತಂತ್ರ ದೇಶವಾಗಿರದ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಹೋದ ಪಡೆಯೊಂದು ಅಲ್ಲಿಯ ಗಡಿಯ ಕಾಡಿನಲ್ಲಿ ಒಂದು ನದಿ ದಾಟಿ, ಮರಗಳ ಮರೆಯಿಂದ ಬಂದ ಗುಂಡಿಗೆ ಸಿಕ್ಕಿ, ಒಂದೇ ಮಧ್ಯಾಹ್ನದಲ್ಲಿ ಚಿಂದಿಯಾಗಿತ್ತು. ಆ ಪಡೆಯ ಒಂದು ತುಕಡಿಯನ್ನು ಈ ಚರ್ಚಿನ ಸುತ್ತಲಿನ ಬೀದಿಗಳಲ್ಲೇ ಕೂಡಿಸಿದ್ದರಂತೆ. ಸತ್ತವರನ್ನು ಹೂಳಲೂ ಆಗದೆ ಉಳಿದವರು ಓಡಿ ಬಂದಿದ್ದರು. ಇಷ್ಟು ವರ್ಷದಲ್ಲಿ ಅವರ ಹೆಸರು ಎಲ್ಲಿಯೂ ಬಿದ್ದಿರಲಿಲ್ಲ. ಊರಿನ ಕೆಲವು ನಿವೃತ್ತರು ಸಮಿತಿ ಮಾಡಿಕೊಂಡು ಈಗ ಅದನ್ನು ಬರೆಸಲು ಹೊರಟಿದ್ದರು. ಸಮಿತಿಯ ಕಾರ್ಯದರ್ಶಿ ಸೈನ್ಯದಲ್ಲಿ ಗುಮಾಸ್ತರಾಗಿದ್ದ, ಎಪ್ಪತ್ತು ದಾಟಿದ, ಟೈ ಕಟ್ಟದೆ ಮನೆ ಬಿಡದ ಮನುಷ್ಯ. ಹಳೆಯ ಹಾಜರಿ ಪಟ್ಟಿಯಿಂದ ಹೆಸರುಗಳನ್ನು ಹೆಕ್ಕಿ ಎರಡು ಹಾಳೆಯಲ್ಲಿ ಟೈಪ್ ಮಾಡಿದವರು ಅವರೇ.

ನಾನು ಇಂಗ್ಲೆಂಡಿನ ಹೌನ್ಸ್ಲೋದಲ್ಲಿ, ವಿಮಾನಗಳು ತಲೆಯ ಮೇಲೆ ಇಳಿಯುವ ದಾರಿಯಲ್ಲಿದ್ದ ಒಂದು ಗೋರಿಕಲ್ಲಿನ ಕಾರ್ಖಾನೆಯಲ್ಲಿದ್ದೆ. ಗುಡಿಗಳ ಅಡಿಗಲ್ಲಿಗೆ ನಮ್ಮ ಕಡೆಯ ಲಿಪಿ ಕೆತ್ತುವವರು ಬೇಕೆಂದು ಮಾಲೀಕ ನನಗೆ ವರ್ಕ್ ಪರ್ಮಿಟ್ ಮಾಡಿಸಿ ಕರೆಸಿಕೊಂಡಿದ್ದ. ಆ ಪರ್ಮಿಟ್ ಅವನ ಕಾರ್ಖಾನೆಗೆ ಮಾತ್ರ. ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ನಾಲ್ಕು ವರ್ಷ ತುಂಬಿದ ಮೇಲೆ ಅವನು ಒಂದು ಪತ್ರ ಕೊಟ್ಟರೆ ನಾವು ಇಲ್ಲಿಯೇ ನೆಲೆಸಲು ಅರ್ಜಿ ಹಾಕಬಹುದಿತ್ತು. ನಾಲ್ಕು ವರ್ಷಕ್ಕೆ ಮೂರು ತಿಂಗಳು ಬಾಕಿ ಇತ್ತು.

ಕಲ್ಲಿನ ಕೆಲಸ ಕಾಗದದ ಮೇಲೆ ಮೊದಲಾಗುತ್ತದೆ. ಕಲ್ಲಿನಷ್ಟೇ ಅಗಲದ ಕಾಗದದಲ್ಲಿ ಪ್ರತಿ ಅಕ್ಷರವನ್ನೂ ಕೈಯಿಂದ ಬರೆದು, ಗಿರಾಕಿಯ ಸಹಿ ಪಡೆದು, ಆಮೇಲೆ ಕಾರ್ಬನ್ ಹಾಳೆ ಇಟ್ಟು ಕಲ್ಲಿಗೆ ಇಳಿಸುತ್ತೇವೆ. ಸಹಿ ಬಿದ್ದ ಮೇಲೆ ತಪ್ಪೇನಿದ್ದರೂ ಅದು ಗಿರಾಕಿಯದು.

ಟೈಪ್ ಮಾಡಿದ ಪಟ್ಟಿಯಲ್ಲಿ ಮೂವತ್ತೈದು ಹೆಸರಿದ್ದವು. ಮೊದಲು ಅಧಿಕಾರಿಗಳು, ಆಮೇಲೆ ಸಿಪಾಯಿಗಳು ಅಕ್ಷರಮಾಲೆಯ ಕ್ರಮದಲ್ಲಿ. ಎರಡು ಉದ್ದ ಕಂಬಗಳಾಗಿ ಬರೆದರೆ ಒಂದು ಕಡೆ ಹದಿನೆಂಟು, ಇನ್ನೊಂದು ಕಡೆ ಹದಿನೇಳು. ಒಂದು ಕಾಲು ಮೋಟಾಗಿ ಕಾಣುತ್ತಿತ್ತು. ಎರಡು ದಿನ ಅದನ್ನು ಹೊಂದಿಸಲು ಒದ್ದಾಡಿದೆ. ಆಗ ಪಟ್ಟಿಯ ಕೊನೆಯ ಭಾಗದಲ್ಲಿ 'ಜಾನ್ ವಾರ್ಡ್' ಎಂದು ಒಂದರ ಕೆಳಗೊಂದು ಎರಡು ಸಲ ಬಂದಿರುವುದು ಕಣ್ಣಿಗೆ ಬಿತ್ತು. ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು ಮಗಳ ಊರಿಗೆ ಹೋಗಿದ್ದರು, ವಾರ ಬಿಟ್ಟು ಬರುವವರಿದ್ದರು. ಮಾಲೀಕನಿಗೆ ತೋರಿಸಿದೆ.

"ಟೈಪಿಂಗ್ ತಪ್ಪು. ಒಂದು ತೆಗಿ. ಹದಿನೇಳು, ಹದಿನೇಳು ಆಗುತ್ತೆ. ಚೆನ್ನಾಗಿದೆಯಲ್ಲ?" ಅಂದ.

ಚೆನ್ನಾಗಿತ್ತು. ಒಂದನ್ನು ತೆಗೆದ ತಕ್ಷಣ ಎರಡು ಕಂಬಗಳು ಸಮನಾಗಿ ನಿಂತವು, ಕಲ್ಲಿಗೆ ಉಸಿರು ಬಂದಂತಾಯಿತು. ಅವನು ಹೇಳಿದನೆಂದು ತೆಗೆದೆ ಎಂದರೆ ಸುಳ್ಳಾಗುತ್ತದೆ. ಅವನು ಹೇಳುವ ಮುಂಚೆಯೇ ನನ್ನ ಪೆನ್ಸಿಲ್ ಆ ಹೆಸರಿನ ಮೇಲೆ ಒಂದು ತೆಳ್ಳನೆಯ ಗೀಟು ಎಳೆದಾಗಿತ್ತು. ಸಮಿತಿಯವರಲ್ಲಿ ಮೂವರು ನಕ್ಷೆ ನೋಡಿ, ಅಂದವಾಗಿದೆ ಎಂದು ಹೊಗಳಿ, ಸಹಿ ಹಾಕಿ ಕಳಿಸಿದರು. ಹೆಸರುಗಳನ್ನು ಯಾರೂ ಎಣಿಸಲಿಲ್ಲ.

ಕೆಲಸ ಶುರುವಾಯಿತು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಡಮ್ಮಿ ಎನ್ನುವ ಗುಂಡನೆಯ ಸಣ್ಣ ಸುತ್ತಿಗೆ. ಪೋರ್ಟ್‌ಲೆಂಡ್ ಎಂಬ ಆ ಸುಣ್ಣಕಲ್ಲು ಮೆತ್ತಗೆ ಕಂಡರೂ ನಡುನಡುವೆ ಚಿಪ್ಪಿನ ಚೂರುಗಳಿರುತ್ತವೆ. ಉಳಿ ಅಲ್ಲಿ ಹಾರಿದರೆ ಅಕ್ಷರದ ಅಂಚು ಹೋಯಿತು. ಜಾಗ ಇಕ್ಕಟ್ಟಾದ್ದರಿಂದ ಬಲ ಮೊಣಕೈ ಪೂರ್ತಿ ಬೀಸಲು ಬರುತ್ತಿರಲಿಲ್ಲ. ಬರೀ ಮಣಿಕಟ್ಟಿನಿಂದ ಹೊಡೆಯಬೇಕು. ದಿನಕ್ಕೆ ಮೂವತ್ತು ಅಕ್ಷರವಾದರೆ ಹೆಚ್ಚು.

ಚರ್ಚಿನಲ್ಲಿ ಹಿಂದೆ ಕಳವಾಗಿತ್ತೆಂದು ಬಾಗಿಲು ಸದಾ ಹಾಕಿರುತ್ತಿತ್ತು. ಚರ್ಚು ನೋಡಿಕೊಳ್ಳುತ್ತಿದ್ದ ಹೆಂಗಸು ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ, ಒಂದು ಗಂಟೆಗೆ ಬಂದು ತೆಗೆಯುತ್ತಿದ್ದರು, ಮತ್ತೆ ಹಾಕಿ ನಾಲ್ಕಕ್ಕೆ ತೆಗೆಯುತ್ತಿದ್ದರು. ಎರಡನೆಯ ದಿನ ಚಿಪ್ಪು ಹಾರಿ ಬೆರಳಿಗೆ ಬಡಿದಾಗ ನನ್ನ ಬಾಯಿಂದ "ಯಪ್ಪಾ!" ಎಂದು ಬಂತು. ಪೊರಕೆ ಹಿಡಿದಿದ್ದ ಅವರು ಸಂದಿಯಲ್ಲಿ ಇಣುಕಿದರು.

"ನೀವು ಕನ್ನಡದವರಾ ಮಾರಾಯ್ರೆ?"

ಉಡುಪಿಯ ಕಡೆಯ ಪ್ರಾಟೆಸ್ಟೆಂಟ್ ಮನೆತನದವರು. ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದಿದ್ದರು. ಅಂದಿನಿಂದ ಒಂದು ಗಂಟೆಗೆ ಬೀಗ ತೆಗೆಯುವಾಗ ಫ್ಲಾಸ್ಕಿನಲ್ಲಿ ಚಹಾ ತರತೊಡಗಿದರು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ನಮ್ಮ ಕಡೆಯ ಆ ಮಾತು ಕೇಳಿ ಅವರಿಗೆ ನಗು ಬರುತ್ತಿತ್ತು.

ಮೂರನೆಯ ವಾರದ ಕೊನೆಗೆ ಹೆಸರುಗಳೆಲ್ಲ ಮುಗಿದವು. ಕೆಳಗಿನ ಮೂರು ಸಾಲಿನ ಒಕ್ಕಣೆ ಮಾತ್ರ ಬಾಕಿ. ಅವತ್ತು ಕಾರ್ಯದರ್ಶಿ ಬಂದರು. ಸಂದಿಯೊಳಗೆ ಅಡ್ಡಡ್ಡ ನಡೆದು ಬಂದು, ಕನ್ನಡಕ ಹಣೆಗೇರಿಸಿ, ಅಕ್ಷರಗಳ ಮೇಲೆ ಬೆರಳಾಡಿಸಿದರು. ಹೊರಡುವಾಗ ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟರು.

"ಹಾಜರಿ ಪಟ್ಟಿಯ ನಕಲು. ಇಷ್ಟು ದಿನ ಅವರ ಜೊತೆ ಇದ್ದೀರಿ. ನಿಮ್ಮ ಹತ್ತಿರವೂ ಒಂದು ಇರಲಿ."

ಅವರು ಹೋದ ಮೇಲೆ ದೀಪದ ಕೆಳಗೆ ಬಿಡಿಸಿದೆ. ಯಾರೋ ಗುಮಾಸ್ತನ ಓರೆಯಾದ ಬರಹ. ನಾನು ಕೆತ್ತಿದ ಹೆಸರುಗಳನ್ನು ಒಂದೊಂದಾಗಿ ಗುರುತಿಸುತ್ತ ಕೆಳಗಿಳಿದೆ. ಕೊನೆಗೆ ಬಂದಾಗ ಜಾನ್ ವಾರ್ಡ್. ಅದರ ಮುಂದೆ ಸಣ್ಣದಾಗಿ 'ಒಂದನೆಯ' ಎಂದಿತ್ತು. ಅದರ ಕೆಳಗೆ ಜಾನ್ ವಾರ್ಡ್, 'ಎರಡನೆಯ'. ಇಬ್ಬರ ಮುಂದೆಯೂ ಸತ್ತ ಎಂಬ ಗುರುತು.

ಕೈಯಲ್ಲಿದ್ದ ಡಮ್ಮಿಯನ್ನು ಕೆಳಗಿಟ್ಟೆ. ಅವತ್ತು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಮಾಲೀಕನ ಮುಂದೆ ಆ ನಕಲು ಹಿಡಿದೆ. ಅವನು ನೋಡಿ ಮಡಿಸಿ ಮರಳಿ ಕೊಟ್ಟ.

"ನಕ್ಷೆಗೆ ಸಹಿ ಯಾರದು?"

"ಅವರದು. ಆದರೆ ಹೆಸರು ತೆಗೆದದ್ದು ನಾವು."

"ಅದು ಯಾರಿಗೆ ಗೊತ್ತು?"

"ನನಗೆ ಗೊತ್ತು."

"ಹಾಗಾದರೆ ನಿನ್ನ ಹತ್ತಿರವೇ ಇಟ್ಟುಕೋ. ಈಗ ಅವರಿಗೆ ಹೇಳಿದರೆ ಪೂರ್ತಿ ಕಲ್ಲು ಕೆರೆದು ಹೊಸದಾಗಿ ಮಾಡಿ ಅಂತಾರೆ. ಅನಾವರಣಕ್ಕೆ ಉಳಿದಿರೋದು ಮೂರು ವಾರ. ಅಮೆರಿಕದಿಂದ ಜನ ಬರ್ತಾರೆ." ಆಮೇಲೆ ಸೇರಿಸಿದ: "ನಿನ್ನ ಪತ್ರ ಟೈಪ್ ಮಾಡಿಸಬೇಕು ಅಂತಿದ್ದೆ. ನೆನಪಿದೆಯಲ್ಲ?"

ದನಿ ಏರಿಸಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ್ದ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಊಟದ ಟ್ರೇ ತುಂಬುವ ಪಾಳಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದಳು. ಮಗಳು ಪಕ್ಕದ ಕೋಣೆಯಲ್ಲಿ ಓದುತ್ತಿದ್ದಳು.

"ಅವ್ರು ಸತ್ತು ಎಷ್ಟ ಕಾಲ ಆತ್ರಿ? ಅವ್ರ ಮಕ್ಕಳಿಲ್ಲ, ಮರಿ ಇಲ್ಲ. ಮತ್ತ ಅವ್ರೇನ ನಮ್ಮಾವ್ರೇನು? ಯಾರದೋ ಕಾಡಿಗೆ ಬಂದೂಕ ಹಿಡಕೊಂಡ ಹೋಗಿ ಸತ್ತಾರ. ನಮ್ಮ ಕಡೀನೂ ಹಂಗ ಬಂದಿದ್ರಲ್ಲ."

"ಹೌದು. ಆದ್ರ ಬರೀತೀನಿ ಅಂತ ಒಪ್ಪಿಕೊಂಡಾಂವ ನಾನು."

"ಒಪ್ಪಿಕೊಂಡದ್ದು ಅದೊಂದ ಏನು? ಇಕಿ ಸಾಲಿ ಇಲ್ಲೇ ಮುಗಸ್ತೀನಿ ಅಂತನೂ ಒಪ್ಪಿಕೊಂಡೀರಿ." ರೊಟ್ಟಿ ಹಂಚಿಗೆ ಹಾಕಿ, ಬೆನ್ನು ಮಾಡಿಕೊಂಡೇ ಅಂದಳು, "ಸುಮ್ಮನಿರ್ರಿ. ಮೂರ ತಿಂಗಳ ಬಾಯಿ ಮುಚ್ಚಿಕೊಂಡ ಇರ್ರಿ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮುಂದಿನ ಮೂರು ದಿನ ಒಕ್ಕಣೆ ಕೆತ್ತಿದೆ. ಹೆಸರುಗಳಿಗೂ ಒಕ್ಕಣೆಗೂ ನಡುವೆ ನಾಲ್ಕು ಇಂಚು ಜಾಗ ಬಿಟ್ಟಿದ್ದೆ. ಒಂದು ಸಾಲಿಗೆ ಬೇಕಾಗಿದ್ದದ್ದು ಎರಡೂಕಾಲು ಇಂಚು. ಆ ಲೆಕ್ಕ ನನ್ನ ತಲೆಯಿಂದ ಹೋಗಲೇ ಇಲ್ಲ. ಬಲ ಕಂಬದ ಬುಡದಲ್ಲಿ ಒಬ್ಬ ಹಿಡಿಯುತ್ತಿದ್ದ. ಒಂದು ಗಂಟೆಗೆ ಚಹಾ ಬಂದರೆ ಕುಡಿದು ಮತ್ತೆ ಉಳಿ ಹಿಡಿಯುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಎರಡೂವರೆಗೆ ದೀಪ ಆರಿತು. ಬಲ್ಬ್ ಹೋಗಿತ್ತು, ಬೇರೆ ಇರಲಿಲ್ಲ. ಚರ್ಚಿನ ದೀಪಗಳ ಸ್ವಿಚ್ಚು ಬೀಗ ಹಾಕಿದ ಒಳಕೋಣೆಯಲ್ಲಿತ್ತು. ಸಂದಿಯಿಂದ ಹೊರಬಂದು ಬಾಗಿಲು ಬಡಿದೆ. ಯಾರೂ ಇಲ್ಲ. ಅಕ್ಕಾರರಿಗೆ ಅವತ್ತು ಆಸ್ಪತ್ರೆಗೆ ಹೋಗುವುದಿತ್ತು. ತಡವಾಗಬಹುದೆಂದು ಬೆಳಿಗ್ಗೆಯೇ ಹೇಳಿದ್ದರು. ಡಿಸೆಂಬರಿನ ಬೆಳಕು ಮೂರೂವರೆಗೆಲ್ಲ ಕಿಟಕಿಯ ಗಾಜಿನಲ್ಲೇ ಉಳಿಯಿತು, ಒಳಗೆ ಇಳಿಯಲಿಲ್ಲ. ಹೊರಗೆ ಬಸ್ಸುಗಳ ಸದ್ದು ಕೇಳುತ್ತಿತ್ತು. ಚಳಿಗೆ ಕಾಲು ಮರಗಟ್ಟಿತು. ಬೇರೇನೂ ತೋಚದೆ ಮತ್ತೆ ಸಂದಿಯೊಳಗೆ ಹೋಗಿ ಕಲ್ಲು ಮುಟ್ಟಿಕೊಂಡು ನಿಂತೆ.

ಕತ್ತಲಲ್ಲಿ ಬೆರಳಿಗೆ ಹೆಸರುಗಳು ಸಿಕ್ಕವು. ಕಣ್ಣಿಗಿಂತ ಬೆರಳಿಗೆ ಕೊರೆತದ ಆಳ ಚೆನ್ನಾಗಿ ತಿಳಿಯುತ್ತದೆ. ವಾರ್ಡ್ ಹೆಸರಿನ ಕೊನೆಯ ಅಕ್ಷರದ ಮೇಲೆ ಬೆರಳು ನಿಂತಾಗ ನನ್ನ ಮನೆ ನೆನಪಾಯಿತು. ನಮ್ಮಲ್ಲಿ ಅಜ್ಜನ ಹೆಸರು ಇಟ್ಟುಕೊಂಡವರು ಮೂವರು: ನಾನು, ದೊಡ್ಡಪ್ಪನ ಮಗ, ಅತ್ತೆಯ ಮಗ. ಮೂವರೂ ಬಸಪ್ಪ. ಅಜ್ಜಿ ಒಬ್ಬನನ್ನು ಬೈದರೆ ಮೂವರೂ ತಿರುಗಿ ನೋಡುತ್ತಿದ್ದೆವು. ಸಾಲೆಯಲ್ಲಿ ಮಾಸ್ತರು ಹಾಜರಿ ಕೂಗುವಾಗ ಎರಡನೆಯ ಬಸಪ್ಪನನ್ನು, ಒಮ್ಮೆ ಬಂತಲ್ಲ ಎಂದು ಬಿಟ್ಟುಬಿಡುತ್ತಿದ್ದರು. ಆ ಎರಡನೆಯವನು ನಾನು. "ಸರ್, ನಾನೂ ಅದೀನ್ರಿ" ಎಂದು ಎದ್ದು ನಿಲ್ಲಬೇಕಾಗುತ್ತಿತ್ತು. ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಾಗಿದ್ದ ವಿಷಯ ಅದು. ಅಂದದ ಆಸೆಗೆ ಬಿದ್ದು ಮಾಸ್ತರು ಮಾಡಿದ್ದನ್ನೇ ನಾನು ಮಾಡಿದ್ದೆ. ಈ ಮನುಷ್ಯ ಎದ್ದು ನಿಂತು ಹೇಳುವ ಹಾಗೂ ಇರಲಿಲ್ಲ.

ಐದೂಕಾಲಿಗೆ ಬೀಗ ತೆಗೆದ ಸದ್ದಾಯಿತು.

"ಅಯ್ಯೋ ದೇವರೇ, ಕತ್ತಲೆಯಲ್ಲೇ ಕೂತಿದ್ದೀರಾ? ಬಸ್ಸು ಸಿಗ್ಲೇ ಇಲ್ಲ ಮಾರಾಯ್ರೆ. ನನ್ನಿಂದ ದೊಡ್ಡ ತಪ್ಪಾಯ್ತು."

"ತಪ್ಪ ನಿಮ್ಮದಲ್ಲ ಅಕ್ಕಾರ, ನನ್ನದದ," ಎಂದು ಶುರು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಪೆನ್ಸಿಲ್ ಗೀಟಿನಿಂದ ಮಾಲೀಕನ ಪತ್ರದವರೆಗೆ. ಅವರು ಕೋಟು ಬಿಚ್ಚದೆ ಬೆಂಚಿನ ಮೇಲೆ ಕುಳಿತು ಕೇಳಿದರು.

"ನನ್ನ ಹತ್ರ ಎಂಥ ಕೇಳ್ತೀರಿ? ಹೇಳಿ ಅಂತ ನಾನು ಹೇಳುದಿಲ್ಲ. ನಿಮಗೆ ಹೆಂಡತಿ ಮಗು ಉಂಟು. ಹೇಳ್ಬೇಡಿ ಅಂತಲೂ ನನ್ನ ಬಾಯಲ್ಲಿ ಬರುದಿಲ್ಲ." ಎದ್ದು, ಒಳಕೋಣೆಯ ಬಾಗಿಲು ತೆಗೆದು ಅಲ್ಲಿಯ ದೀಪ ಹಾಕಿದರು. "ಫೋನ್ ಅಲ್ಲುಂಟು. ಮಾಡುದಾದ್ರೆ ಮಾಡಿ. ನಾನು ಹೊರಗೆ ಗುಡಿಸ್ತಾ ಇರ್ತೇನೆ."

ಮಾಡಿದೆ. ಕಾರ್ಯದರ್ಶಿ ಪೂರ್ತಿ ಕೇಳಿಸಿಕೊಂಡರು.

"ಪಟ್ಟಿ ಟೈಪ್ ಮಾಡಿದವನು ನಾನು," ಅಂದರು. "ಒಂದನೆಯ, ಎರಡನೆಯ ಅನ್ನೋದನ್ನ ತೆಗೆದವನೂ ನಾನೇ. ಉಳಿದ ಹೆಸರುಗಳಿಗೆ ಇಲ್ಲವಲ್ಲ, ನೋಡೋಕೆ ಸರಿ ಕಾಣೋದಿಲ್ಲ ಅನ್ನಿಸ್ತು."

ಎರಡು ದಿನ ಬಿಟ್ಟು ಸಮಿತಿ ಸೇರಿತು. ಕಲ್ಲು ಹಾಗೆಯೇ ಇರಲಿ, ಅನಾವರಣಕ್ಕೆಂದು ಅಚ್ಚಾಗುವ ಪುಸ್ತಿಕೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಸುದ್ದಿ ಮಾಲೀಕನಿಗೂ ಮುಟ್ಟಿತ್ತು. ಅವನು ನನ್ನನ್ನು ಕರೆದು, ಚರ್ಚಿನ ಕೆಲಸ ಶುಕ್ರವಾರಕ್ಕೆ ಮುಗಿಸಿ ಬಾ, ಸೋಮವಾರದಿಂದ ನೀನು ಮಶೀನಿನ ಮೇಲೆ ಎಂದ. ಮಶೀನು ಎಂದರೆ ರಬ್ಬರ್ ಅಚ್ಚು ಅಂಟಿಸಿ, ಮರಳು ಹೊಡೆದು ಅಕ್ಷರ ಮೂಡಿಸುವ ಪೆಟ್ಟಿಗೆ. ಅದರ ಮುಂದೆ ಕೈಗೆ ಕೆಲಸವಿರುವುದಿಲ್ಲ. ಪತ್ರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೇಳಿ ಹಗುರಾಗಬೇಕಾಗಿತ್ತು. ಹೇಳಿದ ಮೇಲೂ ಅದೇ ಸಂದಿ, ಅದೇ ಬೀಗ, ಅದೇ ಮೂವತ್ತನಾಲ್ಕು ಹೆಸರು.

ಶುಕ್ರವಾರ ಬೆಳಿಗ್ಗೆ ಕೊನೆಯ ಸಾಲಿನ ಅಂಚು ಸರಿ ಮಾಡುತ್ತಿದ್ದೆ. ಅಕ್ಕಾರರು ಕಾರ್ಯದರ್ಶಿಯನ್ನು ಒಳಗೆ ಬಿಟ್ಟರು. ಅವರು ಸಂದಿಯ ಬಾಯಲ್ಲೇ ನಿಂತರು.

"ಜಾಗ ಎಷ್ಟಿದೆ?"

"ಒಂದು ಸಾಲಿಗೆ ಸಾಕು. ಕಲ್ಲು ಕೆರೆಯೋದು ಬೇಕಿಲ್ಲ. ಆದರೆ ಹೆಸರು ಕ್ರಮದಲ್ಲಿ ಬರೋದಿಲ್ಲ, ಎಲ್ಲರ ಕೊನೆಗೆ ಬರುತ್ತೆ. ಬಲಗಡೆ ಕಂಬ ಉದ್ದ ಆಗುತ್ತೆ."

"ಬರೆಯಿರಿ. ನಾನು ಸಹಿ ಹಾಕ್ತೇನೆ."

"ಸಮಿತಿ?"

"ಸಮಿತಿಗೆ ನನ್ನ ರಾಜೀನಾಮೆ ಈ ಜೇಬಲ್ಲಿದೆ. ಸಂಜೆ ಕೊಡ್ತೇನೆ. ಸಂಜೆವರೆಗೆ ನಾನೇ ಕಾರ್ಯದರ್ಶಿ."

ಕಾಗದದ ತುಂಡೊಂದನ್ನು ಆರ್ಗನ್‌ನ ಹಲಗೆಗೆ ಒತ್ತಿ ಹಿಡಿದು ಹೆಸರು ಬರೆದೆ. ಎರಡೂ ಹೆಸರಿನ ಮುಂದೆ ಒಂದನೆಯ, ಎರಡನೆಯ ಎಂದು ಸಣ್ಣದಾಗಿ ಸೇರಿಸಲು ಜಾಗವಿದೆ ಎಂದೆ. ಇಲ್ಲದಿದ್ದರೆ ನೋಡಿದವರು ಕೆತ್ತಿದವನೇ ಮೈಮರೆತು ಎರಡು ಸಲ ಕೆತ್ತಿದ ಎಂದುಕೊಳ್ಳುತ್ತಾರೆ ಎಂದೂ ಹೇಳಿದೆ. ಅವರು ಯೋಚಿಸಿದರು.

"ಅದು ಸಾಲಿನಲ್ಲಿ ನಿಲ್ಲಿಸಿದಾಗ ಕೂಗೋಕೆ ಸಾರ್ಜೆಂಟ್ ಕೊಟ್ಟ ನಂಬರು. ಅವರ ಅಮ್ಮಂದಿರು ಹಾಗೆ ಕರೆದಿರಲಾರರು. ನಿಮಗೆ ಕೆಟ್ಟ ಹೆಸರು ಬರುತ್ತೆ ಅಂತಾದರೆ ಹಾಕಿ."

ಹಾಕಲಿಲ್ಲ. ಕಾಗದಕ್ಕೆ ಅವರು ಸಹಿ ಹಾಕಿದರು. ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಕಾರ್ಬನ್ ಇಳಿಸಿ ಹತ್ತೂವರೆಗೆ ಉಳಿ ಹಿಡಿದವನು ಮೂರು ಗಂಟೆಗೆ ಮುಗಿಸಿದೆ. ಅಷ್ಟು ಹೊತ್ತೂ ಅವರು ಬೆಂಚಿನ ಮೇಲೆ ಕುಳಿತಿದ್ದರು. ಅಕ್ಕಾರರು ಅವತ್ತು ಬೀಗ ಹಾಕಲಿಲ್ಲ.

ಮಾಲೀಕ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸೌತ್‌ಹಾಲ್‌ನ ಗುಡಿಯೊಂದರ ಅಡಿಗಲ್ಲು ಬಾಕಿ ಇತ್ತು. ಪತ್ರವನ್ನು ಮಾತ್ರ ಇಂದು ನಾಳೆ ಎಂದು ದೂಡಿದ. ನಾಲ್ಕು ವರ್ಷ ತುಂಬಿತು, ಪರ್ಮಿಟ್ಟನ್ನು ಒಂದು ವರ್ಷ ಮುಂದುವರಿಸಿದ, ಅಷ್ಟೇ. ಹನ್ನೊಂದು ತಿಂಗಳು ಮುಖಕ್ಕೆ ಮುಖವಾಡ ಕಟ್ಟಿಕೊಂಡು ಮರಳು ಪೆಟ್ಟಿಗೆಯ ಮುಂದೆ ನಿಂತೆ. ಬಿಡುವ ಹಾಗಿಲ್ಲ, ಬೇರೆ ಕಡೆ ಕೇಳುವ ಹಾಗಿಲ್ಲ. ಹೆಂಡತಿ ಆ ವಿಷಯ ಎತ್ತಿದ್ದು ಒಂದೇ ಸಲ: "ಆಗಿದ್ದ ಆತು, ಉಣ್ಣ ಬರ್ರಿ." ಪತ್ರ ಮುಂದಿನ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲೆ ತಾನಾಗಿಯೇ ಬಂದು ಬಿದ್ದಿತ್ತು. ಯಾಕೆ ಅವತ್ತು ಕೊಟ್ಟ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಆದರೆ ಅನಾವರಣದ ದಿನದ್ದನ್ನು ಹೇಳಬೇಕು. ಮಶೀನಿಗೆ ಹೋದ ಎರಡನೆಯ ವಾರ ಅದು. ರಜೆ ಹಾಕಿ ಹೋಗಿ ಕೊನೆಯ ಬೆಂಚಿನಲ್ಲಿ ಅಕ್ಕಾರರ ಪಕ್ಕ ಕುಳಿತೆ. ಕಲ್ಲಿನ ಮುಂದೆ ಜನ ನಿಲ್ಲಲು ಜಾಗವಿಲ್ಲವೆಂದು ಎಲ್ಲರೂ ಚರ್ಚಿನ ನಡುವೆಯೇ ಕುಳಿತಿದ್ದರು. ಅಮೆರಿಕದಿಂದ ಬಂದ ಇಬ್ಬರು ಮಾತಾಡಿದರು. ಅವರಲ್ಲೊಬ್ಬ ಹೆಂಗಸು, ಆ ಕಾಡು ಯಾವ ಮೂಲನಿವಾಸಿಗಳದಾಗಿತ್ತೋ ಅವರ ಹೆಸರುಗಳ ಪಟ್ಟಿ ಯಾರ ಬಳಿಯೂ ಇಲ್ಲ ಎಂದು ಹೇಳಿ ಕುಳಿತುಕೊಂಡರು.

ಹೆಸರು ಓದುವುದನ್ನು ಸಮಿತಿಯವರು ಹಳೆಯ ಕಾರ್ಯದರ್ಶಿಗೇ ಬಿಟ್ಟಿದ್ದರು. ರಾಜೀನಾಮೆ ಒಪ್ಪಿದ್ದರೂ ಅಷ್ಟು ಮರ್ಯಾದೆ ಉಳಿಸಿದ್ದರು. ಅವರು ಸಂದಿಯೊಳಗೆ ಹೋಗಿ, ಕಲ್ಲನ್ನೇ ನೋಡಿ ಓದತೊಡಗಿದರು. ಮನುಷ್ಯ ಕಾಣುತ್ತಿರಲಿಲ್ಲ, ಆರ್ಗನ್‌ನ ಹಿಂದಿನಿಂದ ದನಿ ಮಾತ್ರ ಬರುತ್ತಿತ್ತು. ಒಂದೊಂದು ಹೆಸರಿಗೂ ಒಂದು ಉಸಿರಿನಷ್ಟು ನಿಲ್ಲಿಸುತ್ತಿದ್ದರು. ಮೂವತ್ಮೂರನೆಯದು ಜಾನ್ ವಾರ್ಡ್. ಆಮೇಲೆ ಯಂಗ್. ಜನ ಮುಗಿಯಿತೆಂದು ಕೆಮ್ಮಿ, ಸರಿದು ಕುಳಿತರು. ಆಗ ಮತ್ತೆ ದನಿ ಬಂತು.

"ಜಾನ್ ವಾರ್ಡ್."

ಮುಂದಿನ ಬೆಂಚಿನಲ್ಲಿ ಯಾರೋ ಪುಸ್ತಿಕೆ ತಿರುವಿದರು. ಯಾರೋ ಮೆಲ್ಲಗೆ ನಕ್ಕರು, ಪಾಪ, ವಯಸ್ಸಾಗಿದೆ ಎನ್ನುವ ಹಾಗೆ. ಚರ್ಚಿನ ಹಿರಿಯರೊಬ್ಬರು ಎದ್ದು ಸಂದಿಯ ಬಾಯಿಗೆ ಹೋಗಿ, ಎಲ್ಲರಿಗೂ ಕೇಳುವಷ್ಟು ಪಿಸುದನಿಯಲ್ಲಿ, "ಅವನ ಹೆಸರು ಓದಿ ಆಯ್ತಲ್ಲ," ಅಂದರು.

"ಇಲ್ಲ," ಅಂದಿತು ಒಳಗಿನ ದನಿ. "ಇವನು ಇನ್ನೊಬ್ಬ."